ಮಾಕಳಿಯ ಆಮೆಮರಿ

ನನಗೆ ಕುಡಿಯುವ ಅಭ್ಯಾಸವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಬತ್ತೊಂದರಲ್ಲಿ ಒಂದು ಮಧ್ಯಾಹ್ನ, ಮಗಳಿಗೆ ಆಮೆಮರಿ ಕೊಳ್ಳಲು ಮಾಕಳಿಯ ಈಶ್ವರಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ಧೂಳು ಹಿಡಿದ ಗಂಡಸರ ಚಪ್ಪಲಿಗಳಿದ್ದವು. ಒಳಗೆ ಮುದುಕಿ ಒಬ್ಬಳೇ.

ಆಮೆ ಕೋಟಿನ ಗುಂಡಿಯಷ್ಟೇ ಇತ್ತು. ಅಂಗೈಗೆ ತೆಗೆದುಕೊಂಡರೆ ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು.

“ಬದುಕುತ್ತೇನಮ್ಮಾ ಇದು?”

“ನಾನು ಸೊಸೆಯಾಗಿ ಬಂದಾಗ್ಲೂ ಇಷ್ಟೇ ಇತ್ತು ಕಣಪ್ಪ.”

“ಹಾಗಾದ್ರೆ ಬೇಡಮ್ಮಾ,” ಎಂದೆ.

ಆಮೆ ತಲೆ ಒಳಗೆಳೆದುಕೊಂಡಿತು. ಪಕ್ಕದ ಕಾರ್ಖಾನೆಯ ಸದ್ದು ಗಕ್ಕನೆ ನಿಂತಿತು. ತೆರೆದೇ ಇದ್ದ ಬಾಗಿಲು ಮುಚ್ಚಿತ್ತು. ಎಳೆದರೆ ಗೋಡೆಯನ್ನೇ ಎಳೆದಂತಾಯಿತು.

“ನಿಧಾನಕ್ಕೆ ಯೋಚ್ನೆ ಮಾಡಪ್ಪ. ಹೊರಗೆ ಚಪ್ಪಲಿ ಬಿಟ್ಟೋರು ಇನ್ನೂ ಯೋಚ್ನೆ ಮಾಡ್ತಾನೇ ಅವ್ರೆ.”

“ತಗೋತೀನಿ!” ಎಂದು ಕೂಗಿದೆ.

ಆಮೆ ತಲೆ ಹೊರಹಾಕಿತು. ಬಾಗಿಲು ತೆರೆಯಿತು, ಕಾರ್ಖಾನೆಯ ಸದ್ದು ಕೇಳಿಸಿತು. ಓಡಿಬಂದು ಚಪ್ಪಲಿ ಮೆಟ್ಟಲು ಬಗ್ಗಿದರೆ, ನನ್ನವುಗಳ ಮೇಲೂ ಉಳಿದವುಗಳಷ್ಟೇ ದಪ್ಪಗೆ ಧೂಳು ಕೂತಿತ್ತು.