ಹೊಟ್ಟೆಯ ಮೇಲೆ ಗೆರೆಯಿದ್ದ ಆನೆ

ಕುದಿಯುವ ಸಕ್ಕರೆ ಪಾಕಕ್ಕೆ ಹಾಲು ಬಿದ್ದಾಗ ಏಳುವ ವಾಸನೆ ಎಂದರೆ ಇನ್‌ಸ್ಪೆಕ್ಟರ್ ಮೀನಾಕ್ಷಿಗೆ ಅಮ್ಮನ ಒಲೆಯೇ ನೆನಪು. ಸಂಕ್ರಾಂತಿಗೆ ಮೊದಲೇ ಅಮ್ಮ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕುತ್ತಿದ್ದಳು. ಒಣ ಮರಕ್ಕೆ ಬಿಸಿ ಪಾಕ ಸುರಿದರೆ ಅಚ್ಚು ಸೀಳಿಹೋಗುತ್ತದೆ. ಜನವರಿ ಹದಿನೈದರ ಬೆಳಿಗ್ಗೆ ಹಳೇಬೀಡು ಠಾಣೆಗೆ ಬಂದ ದೂರನ್ನು ಓದುವಾಗ ಅದೇ ವಾಸನೆ ಎಲ್ಲಿಂದಲೋ ಬಂದಂತಾಯಿತು.

ದೂರುದಾರ ಇಂದುಧರ, ಬಸ್ತಿಹಳ್ಳಿ ದಾರಿಯ ಕವಿಮನೆ ವಸ್ತುಸಂಗ್ರಹಾಲಯದ ಅಧ್ಯಕ್ಷ. ಕವಿಯ ತಾಯಿ ಹಬ್ಬಕ್ಕೆ ಸಕ್ಕರೆ ಆನೆ ಮಾಡುತ್ತಿದ್ದ ಮರದ ಅಚ್ಚು ಗಾಜಿನ ಪೆಟ್ಟಿಗೆಯಿಂದ ಕಾಣೆಯಾಗಿದೆ. ಗುಮಾನಿ ಕಸ ಗುಡಿಸುವ ಗಿಡ್ಡಮ್ಮನ ಮೇಲೆ.

“ಸಂಜೆ ಹಬ್ಬದ ಸಮಾರಂಭ ಇದೆ ಮೇಡಂ. ಅಷ್ಟರೊಳಗೆ ಅವಳನ್ನ ಒಳಗೆ ಹಾಕ್ಬಿಡಿ. ಗಣ್ಯರು ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲ.”

“ಅವಳೇ ಅಂತ ಹೇಗೆ ಹೇಳ್ತೀರಿ?”

“ಅಂಥೋರಲ್ದೆ ಇನ್ಯಾರು?”

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಪೇದೆ ಚನ್ನೇಶ್ ಗಿಡ್ಡಮ್ಮನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದ. ಮನೆಯಲ್ಲಿ ಹುಗ್ಗಿಗೆ ಎಸರಿಡುತ್ತಿದ್ದವಳು ಹಾಗೆಯೇ ಎದ್ದು ಬಂದಿದ್ದಳು.

“ಪೆಟ್ಟಿಗೆ ಕೀ ಯಾರ ಹತ್ರ ಇರುತ್ತೆ?” ಮೀನಾಕ್ಷಿ ಕೇಳಿದಳು.

“ಅಧ್ಯಕ್ಷರ ತಾವೇ ಐತೆ. ನಾನು ಜಗಲೀಗಂಟ ಗುಡಿಸೋಳು ಕಣವ್ವ. ಒಳೀಕೆ ಕಾಲಿಟ್ರೆ ಬೈತಾರೆ.”

“ನಿಜ ಹೇಳಮ್ಮ. ಸುಳ್ಳು ಹೇಳಿದ್ರೆ ಕೆಲಸ ಹೋಗುತ್ತೆ.”

“ಕೆಲ್ಸ ಹೋದ್ರೆ ಹೋಗ್ಲಿ. ಕಳ್ಳಿ ಅನ್ನಿಸ್ಕಂಡ್ರೆ ನಾಳೆ ಯಾರ ಬಾಗ್ಲಾಗೆ ನಿಂತ್ಕಳ್ಳಿ?”

ಕವಿಮನೆಯ ಮುಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಕವಿಯ ಮುಖ ಅಂಚೆಚೀಟಿಯಷ್ಟಿತ್ತು, ಅಧ್ಯಕ್ಷರದು ಮೊರದಷ್ಟು. ಒಳಗೆ ಶಾಲು, ಹಾರ, ಸಿಂಹಾಸನದಂಥ ಕುರ್ಚಿಗಳು. ಕವಿಯ ಹಳೆಯ ಮೇಜು ಬಾಡಿಗೆ ಪಾತ್ರೆಗಳ ಕೆಳಗೆ ಕುಸಿದಿತ್ತು. ಮೀನಾಕ್ಷಿ ಪಂಚನಾಮೆ ಬರೆಸಿದಳು. ಬೀಗ ಒಡೆದಿಲ್ಲ, ಗಾಜಿಗೆ ಗೀರಿಲ್ಲ. ಗೋಡೆಯ ಮೇಲಿದ್ದ ಅಚ್ಚಿನ ಹಳೆಯ ಫೋಟೊದಲ್ಲಿ ಆನೆಯ ಹೊಟ್ಟೆಗೆ ಅಡ್ಡಲಾಗಿ ಒಂದು ಬಿರುಕಿತ್ತು.

ಹೊರಡುವಾಗ ಇಂದುಧರ ಚನ್ನೇಶನ ಕೈಗೆ ಕಾಗದದ ಪೊಟ್ಟಣದಲ್ಲಿ ಎಳ್ಳುಬೆಲ್ಲ ಕೊಟ್ಟ. ಮೀನಾಕ್ಷಿಗೆ ಜರಿಯ ಚೀಲ.

“ಇದು ಗಣ್ಯರಿಗೆ ಮಾತ್ರ ಮೇಡಂ.”

ಜೀಪಿನಲ್ಲಿ ಕೂತು ಚೀಲ ಬಿಚ್ಚಿದಾಗ ಎಳ್ಳಿನ ನಡುವೆ ಬಿಳಿ ಸಕ್ಕರೆಯ ಆನೆ ಕಂಡಿತು. ಅವಳು ಅದನ್ನು ಬೆಳಕಿಗೆ ಹಿಡಿದಳು.

“ಚನ್ನೇಶ್, ಹೊಟ್ಟೆ ಮುಟ್ಟಿ ನೋಡು.”

“ಗೆರೆ ಎದ್ದೈತೆ ಮೇಡಂ.”

“ಅಚ್ಚಲ್ಲಿ ಬಿರುಕಿದ್ರೆ ಪಾಕ ಅದರೊಳಗೆ ಇಳಿಯುತ್ತೆ. ಫೋಟೊ ನೋಡಿದ್ಯಲ್ಲ?”

ಚನ್ನೇಶ್ ತನ್ನ ಪೊಟ್ಟಣ ಬಿಚ್ಚಿದ. ಅದರಲ್ಲಿ ಅಂಗಡಿಯ ಸಕ್ಕರೆ ಹೂವಿತ್ತು. “ಸದ್ಯ, ನಾನು ಗಣ್ಯನಲ್ಲ,” ಎಂದ.

ಚೀಲಗಳು ಬಂದದ್ದು ಅಧ್ಯಕ್ಷರ ಮನೆಯಿಂದ. ಅಲ್ಲಿ ಅವರ ಹೆಂಡತಿ ಅರುಣಾ ಪ್ರಶ್ನೆಗೂ ಕಾಯದೆ ಹಿತ್ತಿಲಿಗೆ ಹೋಗಿ, ಸೌದೆ ರಾಶಿಯ ಹಿಂದಿನಿಂದ ಎರಡು ಸೀಳಾದ ಅಚ್ಚನ್ನು ತಂದು ಮೇಜಿನ ಮೇಲಿಟ್ಟರು.

“ನೆನೆಹಾಕಿ ಅಂದೆ. ಟೈಮಿಲ್ಲ ಅಂದ್ರು. ನಾಲ್ಕು ಆನೆ ಆಗೋಷ್ಟ್ರಲ್ಲಿ ಸೀಳ್ತು. ಗಿಡ್ಡಮ್ಮನ ಹೆಸರು ಹೇಳ್ತಾರೆ ಅಂತ ನಂಗೊತ್ತಿರ್ಲಿಲ್ಲ.”

ಮೈಕ್ ಪರೀಕ್ಷೆ ಮಾಡುತ್ತಿದ್ದ ಇಂದುಧರನನ್ನು ಸಮಾರಂಭಕ್ಕೆ ಮೊದಲೇ ಬಂಧಿಸಲಾಯಿತು. ನಂಬಿಕೆ ದ್ರೋಹ, ಸುಳ್ಳು ದೂರು. ಹೆಗಲ ಮೇಲೆ ಶಾಲಿನ್ನೂ ಇತ್ತು.

ಹೇಳಿಕೆಯಲ್ಲಿ ಅವನು ಅತ್ತ. ಹುಡುಗನಾಗಿದ್ದಾಗ ಹಬ್ಬದ ದಿನ ಅದೇ ಕವಿಮನೆಯ ಜಗಲಿಯಲ್ಲಿ ನಿಂತಿದ್ದನಂತೆ. ದೊಡ್ಡವರ ಮಕ್ಕಳಿಗೆ ಇಡೀ ಆನೆ, ಅವನಿಗೆ ಮುರಿದ ಸೊಂಡಿಲು. ಒಂದು ದಿನ ಆ ಆನೆಯನ್ನು ತನ್ನ ಕೈಯಾರೆ ಹಂಚಬೇಕು ಎನ್ನುವುದೊಂದೇ ಆಸೆಯಾಗಿತ್ತಂತೆ.

“ಹಂಚಿದಿರಲ್ಲ,” ಎಂದಳು ಮೀನಾಕ್ಷಿ. “ಜಗಲಿ ಗುಡಿಸೋಳಿಗೆ ಸೊಂಡಿಲಾದ್ರೂ ಕೊಟ್ರಾ?”

ಅವನು ಶಾಲಿನ ಅಂಚನ್ನು ಸುರುಳಿ ಸುತ್ತುತ್ತ ಕೂತ.

ಹೊರಗೆ ಗಿಡ್ಡಮ್ಮನಿಗೆ ಮನೆಗೆ ಹೋಗಬಹುದೆಂದು ಹೇಳಿಯಾಗಿತ್ತು. ಎಸರು ಬಿಟ್ಟು ಬಂದವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಚನ್ನೇಶ್ ತನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಡಬ್ಬಿಯ ಮುಚ್ಚಳ ತೆಗೆದ. ಸಿಹಿ ಹುಗ್ಗಿ, ಅವರೆಕಾಳಿನ ಸಾರು. ಮುಚ್ಚಳಕ್ಕೆ ಒಂದಿಷ್ಟು ಹಾಕಿಕೊಡಲು ಹೋಗಿ, ಇಂದುಧರ ಕೂತಿದ್ದ ಒಳಗಿನ ಕೋಣೆಯತ್ತ ಒಮ್ಮೆ ನೋಡಿದ. ಆಮೇಲೆ ಡಬ್ಬಿಯನ್ನೇ ಇಡಿಯಾಗಿ ಅವಳ ಕೈಗಿಟ್ಟ.