ಸುರಗಿ ಎಡಕ್ಕೆ ತಿರುಗಿದ್ದು

ಬಹಳ ಹಿಂದೆ, ಸೂರ್ಯನೂ ಕಂಬಳಿ ಹೊದ್ದು ಹುಟ್ಟುತ್ತಿದ್ದಂಥ ಹಿಮದುರ್ಗವೆಂಬ ರಾಜ್ಯವಿತ್ತು. ಅಲ್ಲಿ ಜನ ನಡೆಯುವುದೇ ಕಡಿಮೆ. ಗಟ್ಟಿ ಬೂಟು ತೊಟ್ಟು, ಅದಕ್ಕೆ ಉದ್ದನೆಯ ಹಲಗೆ ಬಿಗಿದು, ಹಿಮದ ಮೇಲೆ ಜಾರುತ್ತಿದ್ದರು. ಬೂಟುಗಳೆಲ್ಲ ಮೊದಲ ರಾಜನ ಕಾಲಿನ ಅಚ್ಚಿನಲ್ಲೇ ಆಗಬೇಕು, ಯಾರೂ ತಿದ್ದಕೂಡದು ಎಂಬುದು ಕಟ್ಟಳೆ. ಆ ರಾಜ ಸತ್ತು ಎಷ್ಟೋ ಕಾಲವಾಗಿತ್ತು, ಅವನ ಕಾಲಿನ ಮೇಲಿನ ಭಕ್ತಿ ಮಾತ್ರ ಚೆನ್ನಾಗಿ ಬದುಕಿತ್ತು.

ಒಂದು ದಿನ ಕೊರೆಗಾಲನೆಂಬ ಮಾಂತ್ರಿಕ ರಾಜಕುಮಾರಿ ಸುರಗಿಯ ತಮ್ಮ ಚೆನ್ನಿಗನನ್ನು ಹಿಡಿದು, ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಅವನ ಪಾದಗಳನ್ನು ಮಂಜುಗಡ್ಡೆ ಮಾಡಿಬಿಟ್ಟ. ಸುರಗಿ ಶಿಖರದಿಂದ ಬೀಳದೆ ಜಾರಿ ಬಂದು ತಮ್ಮನನ್ನು ಮುಟ್ಟಿದರೆ ಬಿಡುಗಡೆ, ಮೂರು ಸಲ ಬಿದ್ದರೆ ಹುಡುಗ ಪೂರ್ತಿ ಗಡ್ಡೆ ಎಂದ.

ಸುರಗಿ ಜಾರಿದಳು. ಬಿಳಿ ತೋಳ ಎರಗಿತು, ಬಲಕ್ಕೆ ತಿರುಗಿ ತಪ್ಪಿಸಿಕೊಂಡಳು. ಹಿಮಚಿರತೆ ಎರಗಿತು, ಎಡಕ್ಕೆ ತಿರುಗಿದಳು. ಬಲಗಾಲಿನ ಹಲಗೆ ಹಿಮವನ್ನು ಗಬಕ್ಕನೆ ಕಚ್ಚಿ ಅವಳನ್ನು ಎತ್ತಿ ಒಗೆಯಿತು. ಚೆನ್ನಿಗ ಸೊಂಟದವರೆಗೆ ಗಡ್ಡೆಯಾದ.

ಕಾಲು ಒತ್ತಿದ್ದು ಸಾಲದು, ಇನ್ನೂ ಒತ್ತಬೇಕು ಎಂದು ಊರೆಲ್ಲ ಬುದ್ಧಿ ಹೇಳಿತು. ಎರಡನೆಯ ಸಲ ಜೀವ ಬಿಟ್ಟು ಒತ್ತಿದಳು. ಅದೇ ಎಡತಿರುವು, ಇನ್ನೂ ದೂರಕ್ಕೆ ಬಿದ್ದಳು. ಚಿರತೆ ಎದ್ದೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಚೆನ್ನಿಗ ಕುತ್ತಿಗೆಯವರೆಗೆ ಗಡ್ಡೆಯಾದ.

"ಅಕ್ಕಾ, ನನಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ" ಎಂದ. ಸುರಗಿ ಹಲಗೆಗಳನ್ನು ಹೆಗಲಿಗೇರಿಸಿದಳು.

ಮತ್ತೆ ಹತ್ತುವಾಗ ತಾನು ಬಿದ್ದ ಜಾಗದಲ್ಲಿ ನಿಂತು ತನ್ನ ಜಾಡು ನೋಡಿದಳು. ಎಡಹಲಗೆಯದು ತೆಳುವಾದ ಗೆರೆ. ಬಲಹಲಗೆಯ ಒಳಅಂಚು ಮಾತ್ರ ನೇಗಿಲಿನಂತೆ ಹಿಮವನ್ನು ಉತ್ತಿತ್ತು. ಶಿಖರದ ಸಮತಟ್ಟಿನಲ್ಲಿ ನಿಂತು ಬಗ್ಗಿ ನೋಡಿದರೆ, ಬಲ ಮೊಣಕಾಲು ಪಾದದ ನೇರಕ್ಕೇ ಇಲ್ಲ, ಒಳಗೆ ವಾಲಿದೆ! ಒತ್ತಿದಷ್ಟೂ ಒಳಅಂಚು ಹೂತುಕೊಳ್ಳುತ್ತಿತ್ತು. ತಪ್ಪು ಆ ಬೂಟಿನದು, ಅವಳ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಅವಳು ನಡುಪಟ್ಟಿಯ ಚರ್ಮ ಕೊಯ್ದು, ಬಲಬೂಟಿಗೂ ಹಲಗೆಗೂ ನಡುವೆ, ಒಳಮಗ್ಗುಲಿಗೆ ಸಿಕ್ಕಿಸಿದಳು. ಮೊಣಕಾಲು ನೆಟ್ಟಗಾಯಿತು.

ಜೊತೆಗೆ ಬಂದಿದ್ದ ಮುದಿಮಂತ್ರಿ ಮೊದಲ ರಾಜರ ಬೂಟಿಗೆ ಅಪಚಾರವಾಯಿತೆಂದು ಕೈ ಹಿಡಿದ.

"ಮಂತ್ರಿಗಳೇ, ಬೂಟು ಅವರದ್ದೇ ಇರಲಿ. ಒಳಗಿರೋದು ನನ್ನ ಕಾಲು" ಎಂದು ಕೈ ಬಿಡಿಸಿಕೊಂಡು ಹಾರಿದಳು.

ತೋಳ ಎರಗಿತು, ಬಲಕ್ಕೆ ತಿರುಗಿದಳು. ಚಿರತೆ ಎರಗಿತು, ಎಡಕ್ಕೆ ವಾಲಿದಳು. ಒತ್ತಲೇ ಇಲ್ಲ! ಹಲಗೆ ಬಳೆಯಂತೆ ಸೊಗಸಾಗಿ ದುಂಡಗೆ ತಿರುಗಿತು, ಚಿರತೆ ಮೂತಿ ಮುಂದಾಗಿ ಹಿಮಕ್ಕೆ ಬಿತ್ತು. ಕೊರೆಗಾಲ ರೇಗಿ, ತಾನೇ ಮಂಜಿನ ಆನೆಯಾಗಿ ಬೆನ್ನಟ್ಟಿದ. ಪ್ರಪಾತದ ಅಂಚಿನಲ್ಲಿ ಸುರಗಿ ಮತ್ತೆ ಎಡಕ್ಕೆ ಸರ್ರನೆ ತಿರುಗಿದಳು. ಆನೆಗೆ ತಿರುಗಲು ಬರಲಿಲ್ಲ. ಕೆಳಗೆ ಬಿದ್ದು ಚೂರುಚೂರಾಯಿತು, ಮಾಂತ್ರಿಕನ ಕತೆ ಅಲ್ಲಿಗೆ ಮುಗಿಯಿತು.

ಸುರಗಿ ತಮ್ಮನನ್ನು ಬಾಚಿ ತಬ್ಬಿದಳು. ಗಡ್ಡೆ ನೀರಾಗಿ ಹರಿಯಿತು. "ಅಕ್ಕಾ, ಕಾಲು ಜುಮುಜುಮು ಅಂತಿದೆ" ಎಂದು ಅವನು ಕುಣಿದ, ಅವಳು ಸಂತೋಷ ತಡೆಯಲಾರದೆ ಅತ್ತಳು.

ಅಂದಿನಿಂದ ಹಿಮದುರ್ಗದಲ್ಲಿ ಯಾರಾದರೂ ಬಿದ್ದರೆ ಜನ ಬೈಯುವುದಿಲ್ಲ, ಮೊದಲು ಮೊಣಕಾಲು ನೋಡುತ್ತಾರೆ. ಎಲ್ಲರೂ ಸುಖವಾಗಿದ್ದಾರೆ. ಮುದಿಮಂತ್ರಿಯಂತೂ ತನ್ನ ಬೂಟಿಗೂ ಚರ್ಮ ಸಿಕ್ಕಿಸಿಕೊಂಡು, ಈ ವಯಸ್ಸಿನಲ್ಲಿ ಎಡಕ್ಕೂ ತಿರುಗುತ್ತಾನೆ, ಬಲಕ್ಕೂ ತಿರುಗುತ್ತಾನೆ, ಊಟಕ್ಕೆ ಕರೆದರೂ ಬೆಟ್ಟದಿಂದ ಇಳಿಯುವುದಿಲ್ಲ.