ತಾಯಿಯಿಲ್ಲದ ವರ

ನೆನೆಸಿಟ್ಟ ಅವರೆಕಾಳನ್ನು ಹಿದುಕುತ್ತ ಕೂತಿದ್ದ ಸುಕೃತಿ ಅರ್ಧ ಪಾತ್ರೆ ಮುಗಿಸುವಷ್ಟರಲ್ಲಿ ಶ್ರೀವತ್ಸ ಇಲ್ಲವಾಗಿದ್ದ.

ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು ಮೊಬೈಲ್ ತೆರೆದರೆ, ಮದುವೆ ಸಂಬಂಧದ ಆ್ಯಪ್‌ನಲ್ಲಿ ಅವನ ಫೋಟೋ ಇದ್ದ ಕಡೆ ಬೂದು ಬಣ್ಣದ ಒಂದು ಚೌಕ. ಕೆಳಗೊಂದು ಸಾಲು — ‘ಈ ಸದಸ್ಯರು ಈಗ ನಮ್ಮೊಂದಿಗಿಲ್ಲ.’ ಪತ್ರಿಕೆಯ ಮೂಲೆಯಲ್ಲಿ ಬರುವ ಸಾವಿನ ಸುದ್ದಿಯ ಹಾಗಿತ್ತು. ಹಳೆಯ ಮಾತುಕತೆ ಮಾತ್ರ ಹಾಗೇ ಉಳಿದಿತ್ತು.

ದೀಪಾವಳಿಯ ನಂತರ ಪರಿಚಯವಾದವನು. ಮಸ್ಕತ್ತಿನ ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್, ನಲವತ್ತು ವರ್ಷ, ತಾಯಿ ಇಲ್ಲ. ಮೂವತ್ತೇಳರ ಸುಕೃತಿ ಅವನಿಗೆ ತನ್ನ ಹತ್ತಿರದವರಿಗೂ ಹೇಳದ್ದನ್ನು ಬರೆದಿದ್ದಳು. ಅವನನ್ನು ನಂಬಿ ಸುಜಯ್‌ನ ಪ್ರಶ್ನೆಗೆ ಉತ್ತರ ಕೊಡದೆ ಕೂತಿದ್ದಳು. ಸುಜಯ್ ವೈಟ್‌ಫೀಲ್ಡಿನ ಅವಳ ಆಫೀಸಿನವನೇ. ಒಂದು ಮದುವೆ ಮುರಿದು, ಬೇಗೂರಿನಲ್ಲಿ ತಾಯಿಯ ಜೊತೆ ಇದ್ದವನು. ಮದುವೆಯಾಗೋಣವೇ ಎಂದು ದೀಪಾವಳಿಗೆ ಮೊದಲೇ ನೇರವಾಗಿ ಕೇಳಿದ್ದ. ಸ್ವಲ್ಪ ಸಮಯ ಬೇಕು ಎಂದಿದ್ದಳು. ಸಂಕ್ರಾಂತಿಯವರೆಗೆ ಕಾಯುತ್ತೇನೆ, ಆಮೇಲೆ ಪುಣೆಗೆ ವರ್ಗ ಒಪ್ಪಿಕೊಳ್ಳುತ್ತೇನೆ ಎಂದು ಅವನು ಹೇಳಿದ್ದು ಸಿಟ್ಟಿನಿಂದಲ್ಲ, ಸಾಕಾಗಿ. ಸಂಕ್ರಾಂತಿಗೆ ಈಗ ವಾರವೂ ಇರಲಿಲ್ಲ.

ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಯಿಂದ ಹಿದುಕಿದ ಬೇಳೆ ಸಾರಿನ ಊಟಕ್ಕೆಂದೇ ಬಂದಿದ್ದ ತಮ್ಮ ಆಕರ್ಷ್, ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುಮಾಡಿದ.

“ದುಡ್ಡು ಕೇಳಿದ್ನಾ?”

“ಇಲ್ಲ.”

“ಓಟಿಪಿ? ಫೋಟೋ? ಗಿಫ್ಟು ಕಸ್ಟಮ್ಸ್‌ನಲ್ಲಿ ಸಿಕ್ಕಾಕ್ಕೊಂಡಿದೆ ಅಂತೇನಾದ್ರೂ ಅಂದ್ನಾ?”

“ಏನೂ ಕೇಳಿಲ್ಲ ಅಂತ ಹೇಳ್ತಿದೀನಲ್ಲೋ.”

“ಮತ್ತೆ ಅವನಿಗೇನು ಲಾಭ?”

ಅದೇ ಅರ್ಥವಾಗದ್ದು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಕರ್ಷ್‌ಗೆ ಗೊತ್ತಿತ್ತು. ಆನ್‌ಲೈನ್ ಪಾವತಿಯಲ್ಲಿ ಮೋಸ ಹಿಡಿಯುವ ಕಂಪನಿಯಲ್ಲಿ ಕೆಲಸ ಮಾಡುವವಳು ಹೀಗೆ ಬೀಳುವುದೇ, ವೀಡಿಯೋ ಕಾಲ್ ಬೇಡ ಅಂದಾಗಲೇ ಗೊತ್ತಾಗಬಾರದಿತ್ತೇ ಎಂದು ಒಂದು ಲೋಟ ಕಾಫಿ ಮುಗಿಯುವವರೆಗೆ ಬುದ್ಧಿ ಹೇಳಿದ. ಸೈಬರ್ ಪೊಲೀಸರ ಸಹಾಯವಾಣಿಗೆ ಫೋನ್ ಮಾಡಿದರೆ ಅಲ್ಲಿಯವನು ಇನ್ನೂ ಮೇಲು. ಎಷ್ಟು ಹಣ ಹೋಯಿತು ಎಂದು ಕೇಳಿದ. ಹೋಗಿಲ್ಲ ಎಂದಾಗ, ಹಾಗಾದರೆ ದೂರೇನು ಮೇಡಂ ಎಂದು ಅವಳನ್ನೇ ಕೇಳಿ ಫೋನಿಟ್ಟ.

“ಆ ಮುಖ ಎಲ್ಲೋ ನೋಡಿದೀನಿ ಅಂತ ನಾನು ಅವತ್ತೇ ಅಂದೆ,” ಎಂದರು ತಂದೆ ದ್ವಾರಕಾನಾಥ, ಪತ್ರಿಕೆಯ ಹಿಂದಿನಿಂದ. ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

“ನಿಮಗೆ ಎಲ್ಲರ ಮುಖಾನೂ ಎಲ್ಲೋ ನೋಡಿದ ಹಾಗೇ ಇರತ್ತೆ,” ಎಂದು ತಾಯಿ ವೆಂಕಟಲಕ್ಷ್ಮಿ ಬಾಯಿ ಮುಚ್ಚಿಸಿದರು. ಆಮೇಲೆ ಮಗಳ ಕಡೆ ತಿರುಗಿ, “ಹೋಗ್ಲಿ ಬಿಡೇ, ಪೀಡೆ ತೊಲಗಿತು. ಆ ಸುಜಯ್ ತಾಯಿ ಹೇಗಿದಾರಂತೆ?” ಎಂದರು.

ಸುಕೃತಿಗೆ ಮೈ ಉರಿಯಿತು. ಇಲ್ಲಿ ತನ್ನ ಮಾನ ಹರಾಜಾಗುತ್ತಿರುವಾಗ ಇವರಿಗೆ ಬೇಗೂರಿನ ಸುದ್ದಿ ಬೇಕು. ಆಕೆಗೆ ಹೃದಯದ ಆಪರೇಷನ್ ಆಗಿ, ಚೇತರಿಸಿಕೊಂಡು ಮನೆಗೆ ಬಂದ ವಿಷಯವನ್ನು ನಿನ್ನೆ ಊಟಕ್ಕೆ ಕೂತಾಗ ತಾನೇ ಹೇಳಿದ್ದಾಗಿತ್ತಲ್ಲ?

ಮೊಬೈಲ್ ಹಿಡಿದು ಮಹಡಿ ಹತ್ತಿದಳು. ಆಫೀಸಿನಲ್ಲಿ ಮಾಡುವ ಹಾಗೆಯೇ ಮೊದಲಿನಿಂದ ಓದಿದಳು. ಅಲ್ಲಿ ಕೇಳುವುದು ಒಂದೇ ಪ್ರಶ್ನೆ — ಕಳ್ಳನಿಗೆ ಸಿಕ್ಕಿದ್ದೇನು? ಶ್ರೀವತ್ಸ ಹಣ ಕೇಳಿರಲಿಲ್ಲ. ದನಿ ಕೇಳಿಸಿರಲಿಲ್ಲ. ಸಂಜೆ ಏಳರಿಂದ ಒಂಬತ್ತು ಶಿಫ್ಟ್ ಬದಲಾಗುವ ಹೊತ್ತು ಎಂದು ಒಂದು ದಿನವೂ ಉತ್ತರಿಸಿರಲಿಲ್ಲ. ಆದರೆ ಒಂದು ಮಾತನ್ನು ಮಾತ್ರ ಮತ್ತೆ ಮತ್ತೆ ಬರೆದಿದ್ದ: ‘ಬೇರೆ ಯಾರಿಗೂ ಆತುರದಲ್ಲಿ ಮಾತು ಕೊಡಬೇಡಿ.’

ಅಂದರೆ ಅವನಿಗೆ ಬೇಕಾಗಿದ್ದದ್ದು ಅವಳ ತಡ. ಅವಳು ಸುಜಯ್‌ಗೆ ಹೂಂ ಅನ್ನದೆ ಇರುವುದು.

ಯಾರಿಗೆ ಬೇಕಾಗಿತ್ತು ಅದು? ಸುಜಯ್‌ಗೆ ಡೈವೋರ್ಸ್ ಆಗಿದೆ ಎಂದು ಮೂಗು ಮುರಿದವನು ಆಕರ್ಷ್. ಅವನು ನೋಡಿದರೆ ಪಕ್ಕದ ಪಿಜಿ ಹುಡುಗರ ಕಡೆ ಬೆರಳು ತೋರಿಸುತ್ತಿದ್ದ.

ಪಿಜಿಯ ಒಡತಿ ಕಮಲಮ್ಮ ಕುಂದಲಹಳ್ಳಿಯ ಮೂಲದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿ ಬೆಳೆಸಿದ್ದರು. ಗೇಟಿನ ಬಳಿ ನಿಂತು ನೀರಿನ ಟ್ಯಾಂಕರಿನವನನ್ನು ಬಯ್ಯುತ್ತಿದ್ದವರು ಸುಕೃತಿಯ ಮಾತು ಕೇಳಿ ನಕ್ಕರು.

“ನಮ್ ಉಡುಗ್ರಾ? ಅವಕ್ಕೆ ಕನ್ನಡದಾಗೆ ನೀರು ಕೇಳಾಕೂ ಬರಾಕಿಲ್ಲ ಕಣವ್ವ. ನಿಂಗೆ ಬರ್ದೋನು ಎಂಗೆ ಬರ್ದಿದ್ದ?”

“ಒಳ್ಳೇ ಕನ್ನಡ.”

“ಅಂಗಾದ್ರೆ ನಮ್ಮೋರಲ್ಲ ಬಿಡು.” ಕಮಲಮ್ಮ ದನಿ ಇಳಿಸಿದರು. “ಅಲ್ಲ, ಪುಷ್ಯ ನಕ್ಷತ್ರದಾಗೆ ಉಟ್ಟಿರೋಳು ಅಂತ ನಿಮ್ಮವ್ವ ಬೀದಿಗೆಲ್ಲ ಏಳ್ಕಂಡು ಬಂದವ್ರೆ. ಅಂತಾ ನಕ್ಷತ್ರ ಮಡಿಕ್ಕಂಡು, ಕಣ್ಣಿಗೆ ಕಾಣದಿರೋನ ಇಂದೆ ಯಾಕವ್ವ ಓದೆ?”

ಸುಕೃತಿ ಗೇಟಿನ ಬಳಿಯೇ ಮೊಬೈಲ್ ತೆಗೆದು, ಮೊದಲ ವಾರದ ಮಾತುಗಳವರೆಗೆ ಬೆರಳು ಸರಿಸಿದಳು. ನಕ್ಷತ್ರದ ಬಗ್ಗೆ ಅವನು ಬರೆದ ಸಾಲು ಅಲ್ಲೇ ಇತ್ತು. ಅವತ್ತು ಅದನ್ನು ಗೆಳತಿಗೆ ತೋರಿಸಿದಾಗ ಅವಳು, ಅತ್ತೆಯಿಲ್ಲದ ಮನೆ, ಲಾಟರಿ ಹೊಡೀತು ಬಿಡು ಎಂದು ಬೆನ್ನಿಗೆ ಗುದ್ದಿದ್ದಳು. ಇಬ್ಬರೂ ನಕ್ಕು ಮುಂದೆ ಹೋಗಿದ್ದರು.

ಮನೆಗೆ ಬಂದವಳು ಸೋಫಾದ ಮೇಲೆ ಕಾಲು ಚಾಚಿದ್ದ ತಮ್ಮನನ್ನು ಕೇಳಿದಳು. “ನನ್ನ ನಕ್ಷತ್ರ ಯಾವುದೋ?”

“ಪುಷ್ಯ ಅಲ್ವಾ? ಅಮ್ಮ ಎಲ್ಲರಿಗೂ ಅದೇ ಹೇಳ್ತಾಳಲ್ಲ. ಯಾಕೆ, ಅವನು ಅದನ್ನೂ ಕದ್ನಾ?”

ಅವನೂ ಅಲ್ಲ. ಸುಕೃತಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ವೆಂಕಟಲಕ್ಷ್ಮಿ ಮಗಳು ಬಿಟ್ಟುಹೋದ ಕಾಳನ್ನು ಹಿದುಕುತ್ತಿದ್ದರು.

“ಯಾರು ಅಂತ ಗೊತ್ತಾಯ್ತಮ್ಮ.”

ಬೆರಳು ನಿಲ್ಲಲಿಲ್ಲ. “ಯಾರಂತೆ?”

“ಸಂಜೆ ಏಳರಿಂದ ಒಂಬತ್ತು ಅವನಿಗೆ ಶಿಫ್ಟ್ ಬದಲಾಗೋ ಹೊತ್ತು. ನಮ್ಮನೇಲಿ ಆಗ ಏನು ನಡೆಯತ್ತೆ?”

“ಸೀರಿಯಲ್ಲು,” ಎಂದವರೇ ತುಟಿ ಬಿಗಿದರು.

“ಅದು ಬಿಡು, ಊರಿಗೆಲ್ಲ ಅದೇ ಹೊತ್ತು. ಇದು ಕೇಳು.” ಸುಕೃತಿ ಓದಿದಳು. “‘ನಮ್ಮ ತಾಯಿ ಹೋಗಿ ಬಹಳ ವರ್ಷವಾಯಿತು. ನಿಮ್ಮ ನಕ್ಷತ್ರದ ಬಗ್ಗೆ ಈ ಮನೆಯಲ್ಲಿ ಒಂದು ಮಾತು ಆಡುವವರಿಲ್ಲ, ನಿಶ್ಚಿಂತೆಯಿಂದಿರಿ.’ ಪ್ರೊಫೈಲ್‌ನಲ್ಲಿರೋದು ಪುಷ್ಯ. ಪುಷ್ಯ ನಕ್ಷತ್ರದವಳ ಮೇಲೆ ಯಾರು ಯಾಕೆ ಮಾತಾಡ್ತಾರೆ? ಅತ್ತೆಗೆ ಆಗಿಬರಲ್ಲ ಅನ್ನೋದು ಆಶ್ಲೇಷಾ ನಕ್ಷತ್ರಕ್ಕೆ. ನಾನು ಹುಟ್ಟಿದ ಹೊತ್ತನ್ನ ಸ್ವಲ್ಪ ಹಿಂದಕ್ಕೆ ಸರಿಸಿ ಪುಷ್ಯ ಮಾಡಿದ್ದು ನೀನು. ಅದು ಗೊತ್ತಿರೋದು ನನಗೆ, ನಿನಗೆ, ಅಪ್ಪನಿಗೆ. ನಾನು ಅವನಿಗೂ ಹೇಳಿರ್ಲಿಲ್ಲ. ಅಪ್ಪ ಇವತ್ತಿಗೂ ಮೆಸೇಜ್ ಕಳಿಸೋಕೆ ನನ್ನ ಕರೀತಾರೆ.”

ಒಂದು ಕಾಳು ಬೆರಳಿನಿಂದ ಜಾರಿ ಒಲೆಯ ಕೆಳಗೆ ಹೋಯಿತು. ಇಬ್ಬರೂ ಅದನ್ನು ಹೆಕ್ಕಲಿಲ್ಲ.

“ನಿನ್ನೆ ನಾನು ಸುಜಯ್ ತಾಯಿ ಗಟ್ಟಿಯಾಗಿ ಮನೆಗೆ ಬಂದ್ರು ಅಂದೆ. ಇವತ್ತು ಬೆಳಿಗ್ಗೆ ಶ್ರೀವತ್ಸ ಇಲ್ಲ. ನೀನೇ ಅಲ್ವಾ ಅಮ್ಮ?”

ತಾಯಿಯ ಕಣ್ಣು ಅಕ್ಕಿ ಡಬ್ಬದ ಕಡೆ ಹೋಯಿತು. ಭಜನೆ ಕ್ಲಾಸಿಗೆಂದು ಆಕರ್ಷ್ ಕೊಡಿಸಿದ ಟ್ಯಾಬ್ ಅದರ ಪಕ್ಕದಲ್ಲೇ ಇತ್ತು. ಮಗಳ ಪ್ರೊಫೈಲ್ ನೋಡಿಕೊಳ್ಳುತ್ತ ಇಷ್ಟು ವರ್ಷದಲ್ಲಿ ಆಕೆ ಓದದ ವರನಿರಲಿಲ್ಲ. ವರನೆಂಬವನು ಹೇಗೆ ಬರೆಯುತ್ತಾನೆ ಎಂದು ಆಕೆಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು?

“ಸುಜಯ್ ತಾಯಿಗೆ ಆಪರೇಷನ್ ಆಗ್ಬೇಕು ಅಂತ ನೀನೇ ಅಂದಿದ್ಯಲ್ಲ, ಅದು ಮುಗಿಯೋವರೆಗೆ ಅಷ್ಟೇ ಅಂದ್ಕೊಂಡೆ,” ಎಂದರು. “ನೀನು ಹೂಂ ಅಂದ ವಾರವೇ ಆಕೆ ಹೋಗ್ಬಿಟ್ಟಿದ್ರೆ? ನಾನು ಈ ಮನೆಗೆ ಬಂದು ಮೊದಲ ದೀಪಾವಳಿ ಆಗಿರ್ಲಿಲ್ಲ, ನಿಮ್ಮಜ್ಜಿ ಹೋದ್ರು. ನಿಮ್ಮ ಸೋದರತ್ತೆ ಸುಬ್ಬಲಕ್ಷ್ಮಮ್ಮ ಹೆಣದ ಮುಂದೇನೇ ಅಂದ್ರು, ಆಶ್ಲೇಷಾ ಕಾಲಿಟ್ಟಿತು ಅಂತ. ಇವತ್ತಿಗೂ ನನ್ನ ಕೈಲಿ ನೀರು ಇಸ್ಕೊಳಲ್ಲ. ನಿಂಗೂ ಅದು ಬೇಕಾಗಿತ್ತಾ?”

“ಸುಜಯ್ ಪುಣೆಗೆ ಹೋಗ್ಬಿಟ್ಟಿದ್ರೆ?”

ತಾಯಿ ಮತ್ತೊಂದು ಕಾಳು ಹಿದುಕಿದರು.

“ಮತ್ತೆ ಆ ಫೋಟೋ?”

“ಹಿಂದೆ ನಿನ್ನನ್ನ ನೋಡಿಕೊಂಡು ಹೋಗಿ, ಬೇಡ ಅಂತ ಹೇಳಿ ಕಳಿಸಿದ್ನಲ್ಲ, ದಾವಣಗೆರೆಯವನು. ನೀನು ಅವನ ಮುಖಾನೇ ಸರಿಯಾಗಿ ನೋಡಿರ್ಲಿಲ್ಲ. ಫೋಟೋ ಸುಮ್ನೆ ಬಿದ್ದಿತ್ತು.”

ಸುಕೃತಿಗೆ ನಗು ಬಂತು, ಅದರ ಹಿಂದೆಯೇ ಅಳು. “ಇಲ್ಲದಿರೋ ಗಂಡಿಗೂ ಒಬ್ಬ ತಾಯಿ ಕೊಡೋಕೆ ನಿನಗೆ ಕೈ ಬರ್ಲಿಲ್ವಾ?”

“ಹೇಗೆ ಕೊಡ್ಲಿ? ಆಮೇಲೆ ಆ ಪುಣ್ಯಾತ್ಗಿತ್ತಿಗೆ ಏನಾದ್ರೂ ಆದ್ರೆ?”

ಸುಕೃತಿ ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ನೆನಪಾದದ್ದು ತಾನು ಬರೆದ ಮಾತುಗಳು. ಬಂದವರ ಮುಂದೆ ತಟ್ಟೆ ಹಿಡಿದು ನಿಲ್ಲುವುದು ಸಾಕಾಗಿದೆ ಎಂದು ಬರೆದಿದ್ದಳು. ಅಮ್ಮನಿಗೆ ನಾನು ಯಾರೆಂದೇ ಗೊತ್ತಿಲ್ಲ ಎಂದು ಬರೆದಿದ್ದಳು. ಅದಕ್ಕೆ ಶ್ರೀವತ್ಸ, ‘ನಿಮ್ಮ ತಾಯಿಗೂ ಏನೋ ಭಯ ಇರಬೇಕು. ಆದರೆ ನೀವು ಹೇಳಿದ್ದು ಸರಿ’ ಎಂದಿದ್ದ. ಆ ಒಂದು ಸಾಲಿಗಾಗಿಯೇ ಅವಳು ಅವನನ್ನು ನಂಬಿದ್ದಳು. ಎದುರಿಗೆ ಕೂತು ಒಮ್ಮೆಯಾದರೂ ಹಾಗೆ ಅಂದಿದ್ದರೆ ಅಮ್ಮನ ಗಂಟೇನು ಹೋಗುತ್ತಿತ್ತು?

ಹೊರಗಿನಿಂದ ಆಕರ್ಷ್ ಕೂಗಿ, ಪಿಜಿಯವರು ಒಪ್ಪಿಕೊಂಡರಾ ಎಂದು ಕೇಳಿದ.

“ಅವರಲ್ಲ ಕಣೋ. ಯಾರು ಅಂತ ಸಿಗ್ಲಿಲ್ಲ,” ಎಂದಳು ಸುಕೃತಿ.

ವೆಂಕಟಲಕ್ಷ್ಮಿ ಕತ್ತೆತ್ತಿ ಮಗಳನ್ನು ನೋಡಿದರು. ಕಣ್ಣು ಒರೆಸಿಕೊಂಡು, ಹತ್ತಿರ ಸರಿದು ಪಿಸುಗುಟ್ಟಿದರು. “ಸುಜಯ್ ಮನೇಲಿ ಕೇಳಿದ್ರೆ ಪುಷ್ಯ ಅಂತಲೇ ಹೇಳು. ಯಾರಿಗೂ ಗೊತ್ತಾಗಲ್ಲ.”

ಇಷ್ಟಾದ ಮೇಲೂ ಅದೇ ಸುಳ್ಳು. ಸುಕೃತಿ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು ಉಳಿದ ಕಾಳಿಗೆ ಕೈ ಹಾಕಿದಳು. ಸಂಕ್ರಾಂತಿಯ ದಿನ ಬೇಗೂರಿಗೆ ಹೋಗುವುದು. ಸುಜಯ್‌ಗಿಂತ ಮೊದಲು ಅವನ ತಾಯಿಯ ಮಂಚದ ಪಕ್ಕ ಕೂರುವುದು. ನನ್ನದು ಆಶ್ಲೇಷಾ ನಕ್ಷತ್ರ ಕಣ್ರಮ್ಮ, ನಮ್ಮಮ್ಮನದೂ ಅದೇ, ಎಂದು ಆಕೆಯ ಮುಖ ನೋಡಿಕೊಂಡು ಹೇಳುವುದು. ಆ ಮುಖ ಏನು ಹೇಳುತ್ತದೋ, ಅದನ್ನು ಕೇಳಿಸಿಕೊಂಡೇ ಸುಜಯ್‌ಗೆ ಉತ್ತರ ಕೊಡುವುದು.

“ಏನು ಯೋಚಿಸ್ತಿದೀಯೇ?” ತಾಯಿಯ ದನಿಯಲ್ಲಿ ಅಳುಕಿತ್ತು.

“ಏನಿಲ್ಲ,” ಎಂದಳು ಸುಕೃತಿ. “ಈ ಸಲ ಎಳ್ಳುಬೆಲ್ಲ ಸ್ವಲ್ಪ ಜಾಸ್ತಿ ಮಾಡೋಣ.”